ಎರಡು ಸುತ್ತಿನ ಗಂಟು

ನಮ್ಮೂರಿನ ಕೆರೆ ಒಂದು ಕಡೆ ನಿಲ್ಲುವುದಿಲ್ಲ. ಈ ವಾರ ಸಂತೆ ಬಯಲಿನಲ್ಲಿದ್ದರೆ ಮುಂದಿನ ವಾರ ಹೆಂಚಿನ ಕಾರ್ಖಾನೆಯ ಹಿಂದೆ ಇರುತ್ತದೆ. ಆಮೇಲೆ ಯಾವುದಾದರೊಂದು ಓಣಿಗೆ ಬಂದು, ನೆಂಟರ ಹಾಗೆ ಮೂರು ನಾಲ್ಕು ದಿನ ಇದ್ದು, ಎದ್ದು ಹೋಗುತ್ತದೆ. ಬರುವುದು ಮಧ್ಯಾಹ್ನ ಎರಡರಿಂದ ಮೂರರೊಳಗೆ, ಜನ ಉಂಡು ಮಲಗಿದಾಗ. ಎಚ್ಚರವಿದ್ದ ಕಣ್ಣಿನ ಎದುರು ಅದು ಬಂದದ್ದಿಲ್ಲ. ಇಡೀ ಊರು ಮಲಗಬೇಕೆಂದೇನೂ ಇಲ್ಲ. ಅದು ಬರಬೇಕೆಂದುಕೊಂಡ ಓಣಿ ಮಲಗಿದ್ದರೆ ಸಾಕು. ಆದರೆ ಯಾವ ಓಣಿಯೆಂದು ಮೊದಲೇ ಯಾರಿಗೂ ಗೊತ್ತಿಲ್ಲದ್ದರಿಂದ ಎಲ್ಲರೂ ಮಲಗುತ್ತೇವೆ. ಎರಡಕ್ಕೆ ಪುರಸಭೆಯ ಗಂಟೆ ಹೊಡೆದರೆ ಅಂಗಡಿಯವನು ಅರ್ಧ ತೂಗಿದ ಬೆಲ್ಲವನ್ನು ತಕ್ಕಡಿಯಲ್ಲೇ ಬಿಟ್ಟು ಮೂಟೆಗೆ ಒರಗುತ್ತಾನೆ. ಪೊಲೀಸರು ಠಾಣೆಯ ಬೆಂಚಿನ ಮೇಲೆ ಕಾಲು ಚಾಚುತ್ತಾರೆ. ಪರಊರಿನ ಬಸ್ಸು ಊರ ಹೊರಗಿನ ನಾಕಾದ ಹತ್ತಿರವೇ ನಿಲ್ಲುತ್ತದೆ. ಡ್ರೈವರ್ ಸ್ಟಿಯರಿಂಗ್ ಮೇಲೆ ತಲೆ ಇಟ್ಟು ಗೊರಕೆ ಹೊಡೆಯುತ್ತಾನೆ.

ಇಂಥ ಊರಿನಲ್ಲಿ ಮನೆಗಳಿಗೆ ಐದೈದು ಮೆಟ್ಟಿಲು, ಮಕ್ಕಳಿಗೆ ನಡಿಗೆಯ ಜೊತೆಗೇ ಈಜು. ಇನ್ನೊಂದು ಪದ್ಧತಿಯೂ ಇದೆ. ನಮ್ಮಲ್ಲಿ ಯಾವುದನ್ನೂ ಒಂದೇ ಸುತ್ತಿನಲ್ಲಿ ಕಟ್ಟುವುದಿಲ್ಲ. ಮದುವೆ ಸೀರೆಯಾಗಲಿ, ರೇಷನ್ ಕಾರ್ಡಾಗಲಿ, ಕಾಲು ಕಿಲೋ ಪುಟಾಣಿಯಾಗಲಿ, ಮೊದಲು ಒಂದು ಬಟ್ಟೆ, ಅದರ ಮೇಲೆ ಇನ್ನೊಂದು, ಎರಡಕ್ಕೂ ಗಂಟು. ನೀರು ಮೇಲಿನದ್ದನ್ನು ನೆನೆಸಿದರೂ ಒಳಗಿನದ್ದು ಉಳಿಯಲಿ ಎಂದು ಹಿರಿಯರು ಮಾಡಿದ್ದು. ಈಗ ಅದು ಮರ್ಯಾದೆಯ ಮಾತಾಗಿದೆ. ಒಂದೇ ಸುತ್ತಿನಲ್ಲಿ ಏನನ್ನಾದರೂ ಕೊಟ್ಟರೆ, ತಗೊಂಡವರು ಒಂದು ವರ್ಷ ಮಾತು ಬಿಡುತ್ತಾರೆ.

ನಾನು ಪುರಸಭೆಯ ನಕ್ಷೆ ಕೋಣೆಯಲ್ಲಿ ಅಟೆಂಡರು. ಹೆಸರು ಸಣ್ಣೀರಮ್ಮ. ಓದಿದ್ದು ನಾಲ್ಕನೇ ಇಯತ್ತೆ. ಮೂವತ್ತೊಂದು ವರ್ಷದಿಂದ ನನ್ನದು ಒಂದೇ ಕೆಲಸ: ಮೂರಕ್ಕೆ ಗಂಟೆ ಹೊಡೆದ ಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಟು, ಕೆರೆ ಇವತ್ತು ಎಲ್ಲಿದೆಯೆಂದು ನೋಡಿ, ಬಂದು ನೋಟ್‌ಬುಕ್ಕಿನಲ್ಲಿ ಬರೆಯುವುದು. ‘ಸೋಮವಾರ. ಸಂತೆ ಬಯಲು. ಮೊಣಕಾಲಿನ ಮೇಲೆ ಒಂದು ಗೇಣು. ಮೀನು ಕಡಿಮೆ.’ ಇಷ್ಟೇ. ಮೊದಲು ಅದನ್ನು ಗೋಡೆಯ ನಕ್ಷೆಯ ಮೇಲೆ ನೀಲಿ ಬಟ್ಟೆಯ ತುಂಡು ಪಿನ್ನು ಮಾಡಿ ತೋರಿಸುತ್ತಿದ್ದೆವು. ಈಗ ಕಂಪ್ಯೂಟರ್ ಬಂದಿದೆ, ಅದನ್ನು ನೋಡಿಕೊಳ್ಳಲು ತಬಸ್ಸುಮ್ ಬಂದಿದ್ದಾಳೆ. ಇದೇ ಊರಿನ ಹುಡುಗಿ. ಅತ್ತಾರ್ ಬಾಷಾ ಸಾಬರ ಮಗಳು. ತಿಂಡಿ ಡಬ್ಬಿ ಬಿಚ್ಚಲು ಅವಳಿಗೂ ಎರಡು ಗಂಟು ಬೇಕು.

ಜನ ದಾರಿಯಲ್ಲಿ ನನ್ನನ್ನು ನಿಲ್ಲಿಸಿ ಕೇಳುವುದು ಒಂದೇ. “ಸಣ್ಣೀರಕ್ಕ, ನಾಳೆ ಎಲ್ಲಿಗೆ ಬರ್ತೈತೆ?” ನಾನು ಹೇಳುವುದೂ ಒಂದೇ. “ನಾಳೆ ನೋಡಿ ಹೇಳ್ತೀನಿ.”

ಇಷ್ಟಕ್ಕೇ ಸುಮ್ಮನಾಗದವರು ಪಂಪಾಪತಿ ಮೇಷ್ಟ್ರು. ಲೆಕ್ಕದ ಮೇಷ್ಟ್ರು, ರಿಟೈರಾಗಿ ಆರು ವರ್ಷವಾಯಿತು. ನನ್ನ ಮೂವತ್ತೊಂದು ವರ್ಷದ ನೋಟ್‌ಬುಕ್ಕುಗಳನ್ನು ಸೈಕಲ್ಲಿನ ಮೇಲೆ ಹೇರಿಕೊಂಡು ಹೋಗಿ, ಎರಡು ಬೇಸಗೆ ಕೂತು, ಒಂದೊಂದೇ ಬೆರಳಿನಲ್ಲಿ ಎಲ್ಲವನ್ನೂ ಕಂಪ್ಯೂಟರಿಗೆ ಹೊಡೆದರು. ಆಮೇಲೆ ಮೊಮ್ಮಗಳ ಕಂಪ್ಯೂಟರ್ ಪುಸ್ತಕ ಓದಿ, ಕೆರೆ ಮುಂದೆ ಎಲ್ಲಿಗೆ ಬರಬಹುದೆಂದು ಲೆಕ್ಕ ಹಾಕುವ ಒಂದು ಪ್ಲಗಿನ್ ಬರೆದರು. ಪ್ಲಗಿನ್ ಎಂದರೆ ನಾನು ತಿಳಿದದ್ದು ಹೀಗೆ. ವೆಟ್ ಗ್ರೈಂಡರ್ ಅದರ ಪಾಡಿಗೆ ಹಿಟ್ಟು ರುಬ್ಬುತ್ತದೆ. ಪಕ್ಕಕ್ಕೆ ಕಾಯಿ ತುರಿಯುವ ಭಾಗವೊಂದನ್ನು ಸಿಕ್ಕಿಸಿದರೆ ಕಾಯಿಯನ್ನೂ ತುರಿಯುತ್ತದೆ. ನಮ್ಮ ನಕ್ಷೆಯ ಸಾಫ್ಟ್‌ವೇರ್ ಗ್ರೈಂಡರು, ಮೇಷ್ಟ್ರದ್ದು ಕಾಯಿ ತುರಿಯುವ ಭಾಗ. ಆ ಸಾಫ್ಟ್‌ವೇರ್ ಕೂಡ ಯಾವ ಧಣಿಯದ್ದೂ ಅಲ್ಲ. ದೇಶದೇಶದ ಜನ ಬಿಡುವಿನಲ್ಲಿ ಕೂತು ಮಾಡಿಟ್ಟದ್ದು. ಯಾರು ಬೇಕಾದರೂ ತಗೊಳ್ಳಬಹುದು, ಒಳಗೆ ಕೈ ಹಾಕಿ ನೋಡಬಹುದು, ತಿದ್ದಬಹುದು. ಓಣಿಯ ಒರಳುಕಲ್ಲಿನ ಹಾಗೆ. ತಬಸ್ಸುಮ್ ಇದನ್ನು ಹೇಳಿದ ದಿನವೇ ನನಗೆ ಅದರ ಮೇಲೆ ಗೌರವ ಬಂತು.

ಮೇಷ್ಟ್ರು ಶುಕ್ರವಾರ ಪೆನ್‌ಡ್ರೈವ್ ತಂದುಕೊಟ್ಟರು. ಮೇಣಬಟ್ಟೆಯಲ್ಲಿ ಸುತ್ತಿ, ಅದರ ಮೇಲೆ ಹಳದಿ ವಸ್ತ್ರ ಸುತ್ತಿ, ಜನಿವಾರದಂಥ ದಾರದಲ್ಲಿ ಕಟ್ಟಿದ್ದರು. ಶುಕ್ರವಾರದಿಂದ ಸೋಮವಾರದವರೆಗೆ ತಬಸ್ಸುಮ್ ಅದರ ಜೊತೆ ಗುದ್ದಾಡಿದಳು. ಸಿಕ್ಕಿಸಿದಾಗಲೆಲ್ಲ ಮೇಲೆ ಒಂದು ಕೆಂಪು ಪಟ್ಟಿ ಮೂಡಿ, ಆಗುವುದಿಲ್ಲ ಎನ್ನುತ್ತಿತ್ತು.

ಕೊಟ್ರವ್ವ ಬಂದದ್ದು ಆ ಸೋಮವಾರ ಬೆಳಿಗ್ಗೆ.

ಕೊಟ್ರವ್ವ ಗಾಣದ ಓಣಿಯವಳು. ಅವಳ ಗಂಡ ದುರುಗಪ್ಪ ಹರಿಗೋಲು ಹೆಣೆಯುತ್ತಿದ್ದ. ಈಚಿನವರ ಹಾಗೆ ಪ್ಲಾಸ್ಟಿಕ್ ಚೀಲ ಹೊದಿಸಿ ಟಾರು ಬಳಿಯುವುದಲ್ಲ. ಬಿದಿರಿನ ದಬ್ಬೆ, ಅದರ ಮೇಲೆ ಹದ ಮಾಡಿದ ಚರ್ಮ. ಊರಿನ ಅರ್ಧ ಹರಿಗೋಲು ಅವನ ಕೈಯಿಂದ ಬಂದವು. ಕೊನೆಯದೊಂದನ್ನು ತನ್ನ ಮನೆಗೇ ಎಂದು ಹೆಣೆದು, ಜಗಲಿಯ ತೊಲೆಗೆ ನೇತುಹಾಕಿ, ಆ ತಿಂಗಳೇ ತೀರಿಕೊಂಡ. ನಮ್ಮಲ್ಲಿ ಹೊಸ ಹರಿಗೋಲು ಮೊದಲ ಸಲ ತನ್ನ ಮನೆಯ ಹೊಸ್ತಿಲಿನ ಮುಂದೆಯೇ ನೀರು ಮುಟ್ಟಬೇಕು. ಹೊತ್ತುಕೊಂಡು ಕೆರೆಯಿದ್ದಲ್ಲಿಗೆ ಹೋಗುವ ಹಾಗಿಲ್ಲ, ಕೆರೆಯೇ ಬರಬೇಕು. ಅವನು ಹೋದ ಈ ಹತ್ತೊಂಬತ್ತು ವರ್ಷದಲ್ಲಿ ಕೆರೆ ಗಾಣದ ಓಣಿಗೆ ಎರಡು ಸಲ ಬಂತು. ಒಂದು ಸಲ ಕೊಟ್ರವ್ವ ಕಣ್ಣಿನ ಪೊರೆ ತೆಗೆಸಿಕೊಂಡು ದೊಡ್ಡಾಸ್ಪತ್ರೆಯಲ್ಲಿದ್ದಳು. ಇನ್ನೊಂದು ಸಲ ತಮ್ಮನ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದಳು. ಬಾಗಿಲಿಗೆ ಬೀಗ. ನೀರು ಐದನೇ ಮೆಟ್ಟಿಲಿನವರೆಗೆ ಬಂದು, ಮೂರು ದಿನ ಕಾದು, ಹೋಯಿತಂತೆ.

“ಅದಕ್ಕೂ ನನಗೂ ಏನೋ ಹಳೇ ಜಗಳ ಐತೆ ಕಣೇ,” ಎಂದು ಸ್ಟೂಲಿನ ಮೇಲೆ ಕೂತಳು. “ನಾನು ಬೆನ್ನು ತಿರುಗಿಸಿದ್ದು ನೋಡೇ ಬರ್ತೈತೆ. ಈಗ ನೋಡು, ಗುರುವಾರ ನನ್ನ ತಮ್ಮನ ಮೊಮ್ಮಗಳ ನಾಮಕರಣ. ಆ ಕೂಸಿಗೆ ಸೋದರತ್ತೆ ಇಲ್ಲ. ಕಿವ್ಯಾಗ ಹೆಸರು ಹೇಳಾಕೆ ನಾನೇ ಬೇಕಂತೆ. ಬುಧವಾರ ಹನ್ನೊಂದರ ಬಸ್ಸಿಗೆ ಹೊರಡಬೇಕು. ಹೋದರೆ ಎಂಟು ದಿನ ಬಿಡಲ್ಲ ಅವರು.”

“ಹೋಗಿ ಬಾ ಕೊಟ್ರವ್ವ, ಶುಭಕಾರ್ಯ,” ಎಂದೆ.

“ಹೋಗ್ತೀನಿ. ಆದರೆ ಈ ಸಲ ಹರಿಗೋಲಿಗೆ ಹರಳೆಣ್ಣೆ ಹಚ್ಚೋವಾಗ ನೋಡಿದೆ, ಚರ್ಮ ಅಂಚಿನಾಗೆ ಬಿಡ್ತಾ ಐತೆ. ಮುಂದಿನ ಬೇಸಿಗೆ ತಡಿಯಲ್ಲ ಅದು. ನೀರು ಕಾಣದಂಗೇ ಹರಿದು ಹೋದರೆ, ಅಲ್ಲಿ ಆ ಮನುಷ್ಯ ಕೇಳ್ತಾನೆ, ನನ್ನ ಹರಿಗೋಲು ಹೆಂಗೆ ತೇಲ್ತು ಅಂತ. ಏನಂತ ಹೇಳಲಿ? ಮೇಷ್ಟ್ರು ಏನೋ ಮಾಡಿ ಕೊಟ್ಟಾರಂತಲ್ಲ, ಅದನ್ನ ಕೇಳಿ ಹೇಳ್ರೇ. ಕೆರೆ ಬರಲ್ಲ ಅಂದರೆ ಸಮಾಧಾನದಿಂದ ಹೋಗ್ತೀನಿ. ಬರ್ತೈತೆ ಅಂದರೆ…” ಸೊಂಟದಿಂದ ಒಂದು ಗಂಟು ತೆಗೆದು ಬಿಚ್ಚಿ, ಒಳಗಿನ ಗಂಟನ್ನೂ ಬಿಚ್ಚಿ, ನಮ್ಮಿಬ್ಬರಿಗೂ ಒಂದೊಂದು ಶೇಂಗಾದುಂಡೆ ಕೊಟ್ಟಳು.

ತಬಸ್ಸುಮ್ ಆ ಉಂಡೆ ತಿನ್ನಲಿಲ್ಲ. ಕೀಬೋರ್ಡಿನ ಪಕ್ಕ ಇಟ್ಟುಕೊಂಡಳು. “ಆದಮೇಲೆ ತಿಂತೀನಿ ಅಜ್ಜಿ,” ಎಂದಳು. ಪ್ರಾಯದವರ ಹಟ.

ಆ ದಿನ ಅವಳು ಮಾಡದ ಉಪಾಯವಿಲ್ಲ. ಮೊದಲು ನಮ್ಮ ಸಾಫ್ಟ್‌ವೇರ್ ಹಳೆಯದಾಯಿತು, ಮೇಷ್ಟ್ರ ಪ್ಲಗಿನ್ ಹೊಸದಕ್ಕೆ ಬರೆದದ್ದು ಎಂದು ಕಂಡುಹಿಡಿದಳು. ಹೊಸದನ್ನು ಇಳಿಸಿಕೊಳ್ಳಲು ಒಪ್ಪೊತ್ತು ಹಿಡಿಯಿತು. ಕೆಂಪು ಪಟ್ಟಿ ಹೋಗಲಿಲ್ಲ. ಆಮೇಲೆ ಇನ್ನೂ ಪರೀಕ್ಷೆಯಲ್ಲಿರುವ ಪ್ಲಗಿನ್‌ಗಳನ್ನೂ ತೋರಿಸು ಎಂಬ ಒಂದು ಚೌಕ ಇದೆಯಂತೆ, ಅದಕ್ಕೆ ಟಿಕ್ ಹಾಕಿದಳು. ಪಟ್ಟಿ ಹೋಗಲಿಲ್ಲ. ಮುಚ್ಚಿ ತೆರೆದಳು. ಕಂಪ್ಯೂಟರನ್ನೇ ಆರಿಸಿ ಹೊತ್ತಿಸಿದಳು. ನಾನು ನನ್ನ ಪಾಲಿಗೆ ಹಿಂದಿನ ವೈರುಗಳ ಧೂಳು ಒರೆಸಿದೆ. ಕೊನೆಗೆ ಇಂಟರ್ನೆಟ್ಟಿನಲ್ಲಿ ಆ ಸಾಫ್ಟ್‌ವೇರಿನವರೆಲ್ಲ ಕೂಡುವ ಕಟ್ಟೆಯೊಂದಿದೆಯಂತೆ, ಅಲ್ಲಿ ಕೇಳಿದಳು. ನಮ್ಮ ಕೆರೆ ಹೀಗೆ ಹೀಗೆ ಜಾಗ ಬದಲಿಸುತ್ತದೆ, ಅದಕ್ಕೊಂದು ಪ್ಲಗಿನ್ ಇದೆ, ಸೇರುತ್ತಿಲ್ಲ ಎಂದು. ಯಾವುದೋ ಚಳಿ ದೇಶದ ಪುಣ್ಯಾತ್ಮ ಮಂಗಳವಾರ ಬೆಳಿಗ್ಗೆಯೊಳಗೆ ಉತ್ತರ ಬರೆದಿದ್ದ. ತಬಸ್ಸುಮ್ ಓದಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

“ಏನಂತಾನೆ?”

“ಕೆರೆ ಜಾಗ ಬದಲಿಸಲ್ಲವಂತೆ ಅಕ್ಕ. ನಮ್ಮ ನಕ್ಷೆಯ ಅಳತೆ ಪದ್ಧತಿ ತಪ್ಪಿ ಹೋಗೈತಂತೆ. ಅದನ್ನ ಸರಿ ಮಾಡಿಕೊಂಡರೆ ಕೆರೆ ತಾನೇ ತನ್ನ ಜಾಗಕ್ಕೆ ಬಂದು ನಿಲ್ತೈತಂತೆ.”

“ಪಾಪ, ಬರಾಕೆ ಹೇಳು ಒಂದ್ಸಲ. ಬಂದು ಸಂತೆ ಬಯಲಿನಾಗೆ ಪ್ಯಾಂಟ್ ಮಡಿಚಿ ನಿಂತ್ಕೊಳ್ಳಲಿ.”

ನಗು ಮುಗಿದ ಮೇಲೆ ಅವಳ ಮುಖ ಸಣ್ಣದಾಯಿತು. ಗಡಿಯಾರದಲ್ಲಿ ಹತ್ತೂವರೆ. ನಾಳೆ ಹನ್ನೊಂದಕ್ಕೆ ಬಸ್ಸು. ಉಂಡೆ ಕೀಬೋರ್ಡಿನ ಪಕ್ಕ ಹಾಗೇ ಇತ್ತು. ಮೇಷ್ಟ್ರಿಗೆ ಫೋನ್ ಮಾಡಿದಳು, ಸ್ಪೀಕರಿನಲ್ಲಿ ಹಾಕಿದಳು.

“ಏನಮ್ಮಾ, ನನ್ನದರಲ್ಲಿ ತಪ್ಪೇ ಇರೋದಿಲ್ಲ,” ಎಂದರು ಮೇಷ್ಟ್ರು. “ನನ್ನ ಮನೇಲಿ ಓಡಿಸಿ ನೋಡೇ ಕೊಟ್ಟಿದ್ದೀನಿ. ಅಲ್ಲಿ ಸರಿಯಾಗಿ ಓಡ್ತು. ಓಡಿದ ಮೇಲೆ ನಿಮಗೆ ಕೊಡಬೇಕು ಅಂತ ಜಿಪ್ ಮಾಡಿ ನೀಟಾಗಿ ಗಂಟು ಕಟ್ಟಿದ್ದೀನಿ.”

“ನಾವು ಬಿಚ್ಚಿದ್ದೀವಿ ಸಾರ್, ಒಳಗೆ ಎಲ್ಲ ಐತೆ. ಆದರೂ ಇಲ್ಲ ಅಂತೈತೆ.”

“ಇದೆ ಅಂದ ಮೇಲೆ ಇಲ್ಲ ಹೇಗೆ ಅನ್ನುತ್ತೆ? ಅದಕ್ಕೆ ಒಂದರಿಂದ ಇಪ್ಪತ್ತರ ಮಗ್ಗಿ ಬರೆಯೋಕೆ ಹಾಕು,” ಎಂದು ಫೋನಿಟ್ಟರು.

ನಾನು ಕಸಬರಿಗೆ ಮೂಲೆಗಿಟ್ಟು ಅವಳ ಪಕ್ಕ ಬಂದು ನಿಂತೆ. ನನಗೆ ಅದರ ಅಕ್ಷರ ತಿಳಿಯದು. ಆದರೆ ಯಾರಾದರೂ ‘ಇಲ್ಲ’ ಎಂದರೆ, ಅವರು ಎಲ್ಲಿ ಹುಡುಕಿದರು ಎಂದು ಮೊದಲು ಕೇಳಬೇಕೆಂಬುದು ತಿಳಿದಿದೆ. ಮೂವತ್ತೊಂದು ವರ್ಷ ಕೆರೆಯನ್ನೇ ಹುಡುಕಿದವಳಲ್ಲವೇ?

“ಅದು ಇಲ್ಲ ಅಂತೈತಲ್ಲ, ಎಲ್ಲಿ ನೋಡಿ ಇಲ್ಲ ಅಂತೈತೆ?”

“ಅಂದರೆ?”

“ಗಂಟು ಕೊಡ್ತೀಯ. ಅದು ಬಿಚ್ಚಿ ಎಲ್ಲಿ ಕೈ ಹಾಕ್ತೈತೆ? ಏನು ಹುಡುಕ್ತೈತೆ?”

ತಬಸ್ಸುಮ್ ಯೋಚಿಸಿದಳು. “ಒಂದು ಚೀಟಿ ಇರ್ತೈತಕ್ಕ. ಇದರ ಹೆಸರು ಏನು, ಬರೆದವರು ಯಾರು, ಯಾವ ಸಾಫ್ಟ್‌ವೇರಿಗೆ ಅಂತ. ಗಂಟು ಬಿಚ್ಚಿದ ಕೂಡಲೇ ಸಿಗೋ ಫೋಲ್ಡರಿನಾಗೆ ಆ ಚೀಟಿ ಹುಡುಕ್ತೈತೆ.”

“ಸಿಗಲಿಲ್ಲ ಅಂದರೆ?”

“ಕೆಂಪು ಪಟ್ಟಿ.”

“ನೀನು ಬಿಚ್ಚಿದಾಗ ಚೀಟಿ ಎಲ್ಲಿತ್ತು?”

“ಒಳಗೆ. ಮೊದಲು ‘ನಾಳೆಯಕೆರೆ’ ಅಂತ ಒಂದು ಫೋಲ್ಡರು. ಅದನ್ನ ತೆಗೆದರೆ ಒಳಗೆ ಇನ್ನೊಂದು ‘ನಾಳೆಯಕೆರೆ’. ಅದರಾಗೆ ಎಲ್ಲ ಐತೆ, ಚೀಟಿನೂ ಐತೆ. ಎರಡು ಸುತ್ತು, ಸರಿಯಾಗೇ ಕಟ್ಟ್ಯಾರೆ ಮೇಷ್ಟ್ರು.”

ಅಷ್ಟು ಹೊತ್ತಿಗೆ ನನಗೆ ನಗು ಬಂದುಬಿಟ್ಟಿತು. ನಾನು ಹುಟ್ಟಿದ್ದು ಈ ಊರಿನಲ್ಲಲ್ಲ. ಮದುವೆಯಾಗಿ ಬಂದವಳು, ಮೂವತ್ತೆಂಟು ವರ್ಷದ ಹಿಂದೆ. ಬಂದ ದಿನ ನಮ್ಮತ್ತೆ ಒಂದು ಗಂಟು ಕೈಗಿಟ್ಟಳು. ಸಂಭ್ರಮದಿಂದ ಬಿಚ್ಚಿ ನೋಡಿದರೆ ಒಳಗೆ ಮಾಸಿದ ಒಂದು ಬಟ್ಟೆ, ಮುದ್ದೆಯಾಗಿ ಗಂಟು ಹಾಕಿದ್ದು. ಹೊಸ ಸೊಸೆಗೆ ಹಳೇ ಚಿಂದಿ ಕೊಟ್ಟರಲ್ಲ ಎಂದು ಅದನ್ನು ಟ್ರಂಕಿನ ತಳಕ್ಕೆ ಎಸೆದು, ಹದಿನೈದು ದಿನ ಮೂಗು ಒರೆಸಿಕೊಂಡು ಓಡಾಡಿದೆ. ಹದಿನಾರನೇ ದಿನ ನಮ್ಮತ್ತೆ ಕೇಳಿದಳು, “ಅಲ್ಲ, ನಾನು ಕೊಟ್ಟ ಬುಗುಡಿ ಯಾಕೆ ಹಾಕ್ಕೊಂಡಿಲ್ಲ ನೀನು?” ಬುಗುಡಿ ಎರಡನೇ ಸುತ್ತಿನೊಳಗಿದ್ದವು.

ಇದನ್ನು ತಬಸ್ಸುಮ್‌ಗೆ ಹೇಳಿದೆ. “ನೀನು ಈ ಊರಾಗೇ ಹುಟ್ಟಿದವಳು. ಎರಡು ಸುತ್ತು ಕಂಡರೆ ನಿನ್ನ ಕಣ್ಣಿಗೆ ಸರಿ ಅನಿಸ್ತೈತೆ. ಆ ಸಾಫ್ಟ್‌ವೇರು ಹೊರಗಿನದು ಕಣಮ್ಮ. ನಾನು ಬಂದ ದಿನ ಇದ್ದಂಗೆ ಐತೆ ಅದು. ಒಂದು ಗಂಟು ಬಿಚ್ಚಿ, ಒಳಗೆ ಬಟ್ಟೆ ನೋಡಿ, ಮೂಗು ಒರೆಸಿಕೊಂಡು ಕೂತೈತೆ.”

ತಬಸ್ಸುಮ್ ನನ್ನನ್ನು ನೋಡಿದಳು, ಪರದೆಯನ್ನು ನೋಡಿದಳು. ಬಾಯಿಯ ಮೇಲೆ ಕೈಯಿಟ್ಟುಕೊಂಡಳು. “ಹಂಗಾದರೆ ಒಳಗಿನದ್ದನ್ನ ಮಾತ್ರ ತೆಗೆದು… ಒಂದೇ ಸುತ್ತಿನಾಗೆ ಕಟ್ಟಿ ಕೊಡಬೇಕಾ?”

“ಹೂಂ.”

“ಅಯ್ಯೋ ಅಕ್ಕ, ಮೇಷ್ಟ್ರಿಗೆ ಅವಮಾನ ಆಗಲ್ವಾ? ಬರಿಮೈಯಾಗೆ ಕಳಿಸಿದಂಗೆ!”

“ಮೇಷ್ಟ್ರಿಗೆ ನಾವೇನು ಹೇಳಾಕೆ ಹೋಗಲ್ಲ. ಬಾಗಿಲು ಮುಂದಕ್ಕೆ ಮಾಡ್ತೀನಿ, ನೀನು ಕಟ್ಟು.”

ನಾನು ಬಾಗಿಲು ಮುಂದಕ್ಕೆ ಮಾಡಿದೆ. ಅವಳು ಅತ್ತಿತ್ತ ನೋಡಿ, ದುಪ್ಪಟ್ಟದ ಸೆರಗನ್ನು ಪರದೆಯ ಅಂಚಿಗೆ ಅಡ್ಡ ಹಿಡಿದು, ಒಳಗಿನ ಫೋಲ್ಡರನ್ನು ಹೊರಗೆ ತೆಗೆದು ಒಂದೇ ಸುತ್ತಿನಲ್ಲಿ ಕಟ್ಟಿದಳು. ಕೊಟ್ಟಳು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಹಸಿರು ಪಟ್ಟಿ ಬಂತು. ನಮ್ಮ ಕೆರೆಯ ಬಣ್ಣದ ಒಂದು ಚಿಕ್ಕ ಗುಂಡಿಯೂ ಮೇಲಿನ ಸಾಲಿನಲ್ಲಿ ಬಂದು ಕೂತಿತು.

ತಬಸ್ಸುಮ್ ಕುರ್ಚಿಯಿಂದ ಎದ್ದು ನನ್ನನ್ನು ಅಪ್ಪಿಕೊಂಡು ಎರಡು ಸುತ್ತು ತಿರುಗಿಸಿದಳು. ಆಮೇಲೆ ಶೇಂಗಾದುಂಡೆಯನ್ನು ಒಂದೇ ತುತ್ತಿಗೆ ಬಾಯಿಗೆ ಹಾಕಿಕೊಂಡಳು.

ಗುಂಡಿ ಒತ್ತಿದಳು. ನನ್ನ ಮೂವತ್ತೊಂದು ವರ್ಷದ ನಡಿಗೆಯೆಲ್ಲ ನೀಲಿ ಚುಕ್ಕೆಗಳಾಗಿ ನಕ್ಷೆಯ ಮೇಲೆ ಉದುರಿತು. ಎಷ್ಟು ಚಪ್ಪಲಿ ಸವೆಸಿದ್ದೆನೆಂದು ಆವತ್ತೇ ಕಣ್ಣಾರೆ ಕಂಡದ್ದು. ಚುಕ್ಕೆಗಳ ಮೇಲೆ ಮೂರು ಕಡೆ ನೆರಳು ಮೂಡಿತು, ಎರಡು ಕಡೆ ತೆಳ್ಳಗೆ, ಒಂದು ಕಡೆ ಗಾಢವಾಗಿ. ಗಾಢವಾದದ್ದು ಗಾಣದ ಓಣಿ. ದಿನ ಗುರುವಾರ.

ಕೊಟ್ರವ್ವನಿಗೆ ಹೇಳಲು ಇಬ್ಬರೂ ಓಡಿದೆವು. ಅವಳು ಆಗಲೇ ಬುಧವಾರದ ಪ್ರಯಾಣಕ್ಕೆ ಸೀರೆ ಗಂಟು ಕಟ್ಟುತ್ತಿದ್ದಳು. ತಬಸ್ಸುಮ್ ಪ್ರಾಮಾಣಿಕಳು, ಒಂದು ಮಾತು ಹೆಚ್ಚು ಹೇಳಲಿಲ್ಲ. “ಅಜ್ಜಿ, ಇದು ಭವಿಷ್ಯ ಅಲ್ಲ. ಹತ್ತಕ್ಕೆ ಆರು ಅಂತೈತೆ ಅಷ್ಟೇ.”

“ಹತ್ತಕ್ಕೆ ಆರಾ?” ಕೊಟ್ರವ್ವ ಗಂಟು ಅಲ್ಲೇ ಬಿಟ್ಟು ಎದ್ದಳು. “ನನ್ನ ಗಂಡನ ಮಾತು ಹತ್ತಕ್ಕೆ ನಾಲ್ಕೂ ನಿಜ ಆಗ್ತಿರಲಿಲ್ಲ, ಆದರೂ ಮೂವತ್ತು ವರ್ಷ ಬಾಳ್ವೆ ಮಾಡ್ದೆ. ಆರು ಅಂದರೆ ಹಬ್ಬ ಬಿಡು.”

“ನಾಮಕರಣ?” ಎಂದೆ.

ಅವಳು ಸೊಂಟಕ್ಕೆ ಕೈಯಿಟ್ಟು ತೊಲೆಯ ಮೇಲಿನ ಹರಿಗೋಲು ನೋಡಿದಳು. ಆಮೇಲೆ ನನ್ನ ಕೈಯಿಂದ ಫೋನು ಕಿತ್ತುಕೊಂಡು ತಮ್ಮನಿಗೆ ಮಾಡಿದಳು. “ಲೇ ತಿಪ್ಪೇಶಿ, ಅಡಿಗೆಯವರಿಗೆ ಬ್ಯಾಡ ಅನ್ನು. ಕೂಸಿನ ನಾಮಕರಣ ಇಲ್ಲೇ, ನನ್ನ ಮನ್ಯಾಗೆ. ಎಲ್ಲರನ್ನೂ ಕರ್ಕೊಂಡು ಬಾ. ಯಾಕೆ ಅಂದರೆ ನಾನು ಬರಲ್ಲ, ಅದಕ್ಕೆ. ಹೆಸರು ಹೇಳಾಕೆ ನಾನು ಬೇಕೋ ಬ್ಯಾಡೋ? ಬೇಕಲ್ಲ? ಬಾ ಮತ್ತೆ.”

ಗುರುವಾರ ಬೆಳಿಗ್ಗೆ ಟೆಂಪೊ ತುಂಬ ನೆಂಟರು ಬಂದಿಳಿದರು. ಓಣಿಯವರೆಲ್ಲ ಕೈಜೋಡಿಸಿದರು, ಒಬ್ಬರು ಕಡಲೆಬೇಳೆ ಪಾಯಸ, ಒಬ್ಬರು ಚಿತ್ರಾನ್ನ. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ತಾವೇ ಮದುಮಗನ ಹಾಗೆ ಜಗಲಿಯ ಮೇಲೆ ಕೂತರು. ನಾನು ತೊಲೆಯಿಂದ ಹರಿಗೋಲು ಇಳಿಸಿ, ಮಗುಚಿ ಸರಿ ಮಾಡಿ, ನಾಲ್ಕು ಹಗ್ಗದಲ್ಲಿ ಮೂರನೇ ಮೆಟ್ಟಿಲಿನ ಮೇಲಕ್ಕೆ ತೂಗುಬಿಟ್ಟೆ. ನೀರು ಬಂದರೆ ಅದೇ ಎತ್ತಿಕೊಳ್ಳಲಿ. ಇನ್ನೊಂದು ಹಗ್ಗದಲ್ಲಿ ಅದನ್ನು ಕಲ್ಲುಕಂಬಕ್ಕೂ ಬಿಗಿದೆ. ಭರವಸೆ ಬೇರೆ, ಎಚ್ಚರಿಕೆ ಬೇರೆ. ಮೊದಲು ಊಟ, ಎದ್ದ ಮೇಲೆ ಹೆಸರು ಎಂದು ಕೊಟ್ರವ್ವ ತೀರ್ಮಾನ ಮಾಡಿದಳು.

ಎರಡಕ್ಕೆ ಗಂಟೆ ಹೊಡೆಯಿತು. ಓಣಿಯುದ್ದಕ್ಕೂ ಜಗಲಿಗಳ ಮೇಲೆ ಜನ ಸಾಲಾಗಿ ಮಲಗಿದರು. ಪಾಯಸ ತಿಂದ ಹೊಟ್ಟೆಗಳು, ನಿದ್ದೆಗೆ ಬೇರೆ ಕಾರಣ ಬೇಕಿರಲಿಲ್ಲ. ಎಲ್ಲ ಸರಿಯಾಯಿತು ಎನ್ನುವಾಗ ಕೂಸು ಎದ್ದಿತು.

ಎದ್ದದ್ದು ಅಳಲಿಕ್ಕಲ್ಲ. ಕಣ್ಣು ಲಾಂದ್ರದ ಹಾಗೆ ಅರಳಿಸಿ, ಕಾಲು ಒದ್ದು, ಊರಿನ ಕಡೆ ನೋಡಿ ಕೇಕೆ ಹಾಕಿತು. ತಾಯಿ ಹಾಲು ಕೊಟ್ಟಳು. ಕುಡಿದು ಇನ್ನಷ್ಟು ಗೆಲುವಾಯಿತು. ತಬಸ್ಸುಮ್ ತಮ್ಮ ಮನೆಯ ಜೋಗುಳ ಹಾಡಿದಳು. ಕೂಸು ಅವಳ ಮೂಗು ಹಿಡಿದುಕೊಂಡು ಕೇಳಿತು. “ಎರಡೂಕಾಲು,” ಎಂದು ಪಿಸುಗುಟ್ಟಿದೆ. ಆ ಒಂದು ಜೊತೆ ಕಣ್ಣು ತೆರೆದಿರುವವರೆಗೆ ಕೆರೆ ಈ ಓಣಿಗೆ ಕಾಲಿಡುವುದಿಲ್ಲ. ತೆಳುವಾದ ನೆರಳಿದ್ದ ಇನ್ನೆರಡು ಕಡೆ ಯಾವುದಕ್ಕಾದರೂ ಹೋಗಿಬಿಡುತ್ತದೆ. ಹತ್ತೊಂಬತ್ತು ವರ್ಷ ಕೊಟ್ರವ್ವ ಮನೆಯಲ್ಲಿಲ್ಲ ಎಂದು ಹೋಯಿತು, ಈಗ ಅವಳೇ ಕರೆಸಿದ ಕೂಸು ಅಡ್ಡ.

“ನನ್ನ ಕೈಗೆ ಕೊಡಿ,” ಎಂದರು ಮೇಷ್ಟ್ರು. “ಮೂವತ್ತೈದು ವರ್ಷ ಐವತ್ತೈವತ್ತು ಮಕ್ಕಳನ್ನ ಒಟ್ಟಿಗೆ ಮಲಗಿಸಿದ್ದೀನಿ.” ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಹದಿನೇಳರ ಮಗ್ಗಿ ಶುರು ಮಾಡಿದರು. ಹದಿನೇಳೈದಲೆ ಎನ್ನುವ ಹೊತ್ತಿಗೆ ಕೂಸಿನ ಅಪ್ಪ ಮಲಗಿದ. ಹದಿನೇಳೆಂಟಲೆಗೆ ತಾಯಿ, ಕೊಟ್ರವ್ವನ ತಮ್ಮ ತಿಪ್ಪೇಶಪ್ಪ, ಎದುರು ಜಗಲಿಯ ನಾಲ್ವರು. ಹತ್ತಕ್ಕೆ ಬರುವಷ್ಟರಲ್ಲಿ ತಬಸ್ಸುಮ್ ನನ್ನ ತೊಡೆಯ ಮೇಲೆ ಉರುಳಿದಳು. ಕೂಸು ಮಾತ್ರ ಮುಂದಿನದ್ದೇನು ಎಂಬ ಹಾಗೆ ಮೇಷ್ಟ್ರ ಮುಖ ನೋಡುತ್ತಿತ್ತು. ಮೇಷ್ಟ್ರೇ ಆಕಳಿಸಿ, ಅದನ್ನು ಕೊಟ್ರವ್ವನ ಕೈಗಿಟ್ಟು, ಕಂಬಕ್ಕೆ ಒರಗಿ ಗೊರಕೆ ತೆಗೆದರು.

ಕೊಟ್ರವ್ವ ಕೂಸನ್ನು ಎತ್ತಿಕೊಂಡು ಸುತ್ತ ನೋಡಿದಳು. ತೊಟ್ಟಿಲು ಎದುರಿಗೇ ತೂಗುತ್ತಿತ್ತು. ನಾವ್ಯಾರೂ ಅದನ್ನು ತೊಟ್ಟಿಲೆಂದು ನೋಡಿರಲಿಲ್ಲ ಅಷ್ಟೇ. ಅವಳು ಸೆರಗು ಸಿಕ್ಕಿಸಿ, ಮೆಟ್ಟಿಲಿಳಿದು, ಒಂದು ಕಾಲು ಎತ್ತಿ ಒಳಗಿಟ್ಟು, ಹರಿಗೋಲಿನಲ್ಲಿ ಕೂತಳು. ಕೂಸನ್ನು ಎದೆಗೆ ಒರಗಿಸಿಕೊಂಡಳು. ಹಗ್ಗ ಕಿರ್ರೆಂದಿತು, ಮತ್ತೆ ಕಿರ್ರೆಂದಿತು. ದುಂಡನೆಯ ಹರಿಗೋಲು ಒಂದಿಷ್ಟು ಈ ಕಡೆ, ಒಂದಿಷ್ಟು ಆ ಕಡೆ. ಹರಳೆಣ್ಣೆಯ ವಾಸನೆ ಬರುತ್ತಿತ್ತು. ಕೂಸಿನ ಕೈ ಮೊದಲು ಸಡಿಲವಾಯಿತು, ಆಮೇಲೆ ತಲೆ ವಾಲಿತು. ಅದರ ಮೇಲೆ ಕೊಟ್ರವ್ವನ ತಲೆಯೂ ವಾಲಿತು.

ಆಗ ನನಗೆ ಹೊಳೆಯಿತು, ಇಡೀ ಓಣಿಯಲ್ಲಿ ಎಚ್ಚರವಿರುವವಳು ನಾನೊಬ್ಬಳೇ. ಎರಡು ನಲವತ್ತು. ಮೂವತ್ತೊಂದು ವರ್ಷ ಕೆರೆಯ ಹಿಂದೆ ಓಡಿದವಳು ಈಗ ಅದರ ದಾರಿಗೆ ಅಡ್ಡ ಕೂತಿದ್ದೆ. ನಿದ್ದೆ ಬೇಕೆಂದಾಗ ನಿದ್ದೆ ಬರುತ್ತದೆಯೇ? ಕಣ್ಣು ಮುಚ್ಚಿದೆ. ಮೋಸ ಮಾಡಿದರೆ ಅದಕ್ಕೆ ಗೊತ್ತಾಗುತ್ತದೆ. ಹಗ್ಗದ ಕಿರ್ರ್ ಎಣಿಸಿದೆ. ಹದಿನೇಳೊಂದಲೆ ಹದಿನೇಳು, ಹದಿನೇಳೆರಡಲೆ…

ಎಚ್ಚರವಾದದ್ದು ಸದ್ದಿಗಲ್ಲ, ಸದ್ದು ನಿಂತದ್ದಕ್ಕೆ. ಹಗ್ಗ ಕಿರುಗುಡುತ್ತಿರಲಿಲ್ಲ. ಕಣ್ಣು ಬಿಟ್ಟೆ. ನಾಲ್ಕು ಹಗ್ಗಗಳೂ ಜೋಲು ಬಿದ್ದಿದ್ದವು. ಓಣಿಯ ಈ ಜಗಲಿಯಿಂದ ಆ ಜಗಲಿಯವರೆಗೆ ನೀರು, ಬಿಸಿಲಿಗೆ ಫಳಫಳ ಎನ್ನುತ್ತಾ, ನಾಲ್ಕನೇ ಮೆಟ್ಟಿಲಿಗೆ ಮೂತಿ ಇಟ್ಟಿತ್ತು. ಅದರ ಮೇಲೆ ದುರುಗಪ್ಪನ ಹರಿಗೋಲು ತಟ್ಟೆಯ ಹಾಗೆ ನಿಧಾನಕ್ಕೆ ತಿರುಗುತ್ತಿತ್ತು. ಒಳಗೆ ಅಜ್ಜಿ, ಅಜ್ಜಿಯ ಮೇಲೆ ಕೂಸು, ಇಬ್ಬರಿಗೂ ಗಾಢ ನಿದ್ದೆ. ಅಂಚಿನ ಚರ್ಮ ಎಲ್ಲೂ ಒಂದು ಹನಿ ಬಿಟ್ಟಿರಲಿಲ್ಲ.

ನಾನು ಕೂಗಲಿಲ್ಲ. ಮೂರರ ಗಂಟೆಯೇ ಎಬ್ಬಿಸಿತು. ಕೊಟ್ರವ್ವ ಕಣ್ಣು ಬಿಟ್ಟು, ಕೈಯನ್ನು ಅಂಚಿನಿಂದ ಕೆಳಗೆ ಬಿಟ್ಟಳು. ನೀರು ಮುಟ್ಟಿತು. ಅಂಗೈಯಲ್ಲಿ ಒಂದಿಷ್ಟು ಎತ್ತಿ ಹರಿಗೋಲಿನ ಅಂಚಿಗೆ ಸವರಿದಳು. “ತೇಲ್ತು ನೋಡೋ,” ಎಂದಳು, ನಮ್ಮಲ್ಲಿ ಯಾರಿಗೂ ಅಲ್ಲ. ಆಮೇಲೆ ಅಲ್ಲಿ ಕೂತೇ ಕೂಸಿನ ಕಿವಿಗೆ ಬಾಯಿಟ್ಟು ಹೆಸರು ಹೇಳಿದಳು. ಹೆತ್ತವರು ಆರಿಸಿದ್ದ ಸಮನ್ವಿ ಎಂಬ ಹೊಸ ಹೆಸರು ಅವಳ ಬಾಯಲ್ಲಿ ಮೂರು ಸಲವೂ ಮೂರು ಥರ ಬಂತು. ಜಗಲಿಗಳಿಂದ ಕೇಕೆ, ಸೋಬಾನೆ, ಚಪ್ಪಾಳೆ. “ಹತ್ತಕ್ಕೆ ಆರು, ಹತ್ತಕ್ಕೆ ಆರು!” ಎಂದು ಮೇಷ್ಟ್ರು ನೀರಿಗೇ ಇಳಿದು ಕುಣಿದರು, ಇಸ್ತ್ರಿ ಅಂಗಿಯ ಸಮೇತ.

“ಕಂಬದ ಹಗ್ಗ ಬಿಚ್ಚೇ ಸಣ್ಣೀರಿ,” ಎಂದಳು ಕೊಟ್ರವ್ವ. “ಓಣಿ ಒಂದು ಸುತ್ತು ಹೋಗಿ ಬರ್ತೀನಿ. ಕೂಸಿನ ತಾಯಿನೂ ಹತ್ತಲಿ.” ತಾಯಿ ಹತ್ತಿದಳು. ನಾನು ತೂಗುಹಗ್ಗಗಳನ್ನೂ ಕಂಬದ ಹಗ್ಗವನ್ನೂ ಬಿಚ್ಚಿದೆ. ಹರಿಗೋಲು ನಡುನೀರಿಗೆ ಹೋದ ಮೇಲೆ ಕೊಟ್ರವ್ವ ಕೈ ಚಾಚಿದಳು. “ಎಲ್ಲಿ, ಹುಟ್ಟು ಕೊಡ್ರಿ.”

ಹತ್ತೊಂಬತ್ತು ವರ್ಷ ಹರಿಗೋಲಿಗೆ ಎಣ್ಣೆ ಹಚ್ಚಿದ್ದಾಯಿತು, ಹುಟ್ಟಿನ ನೆನಪು ಯಾರಿಗೂ ಇರಲಿಲ್ಲ. ತಿಪ್ಪೇಶಪ್ಪ ಒಳಗೆ ಓಡಿ, ಅಟ್ಟ ಹುಡುಕಿ, ಉದ್ದನೆಯ ಒಂದು ಗಂಟು ಹೊತ್ತು ತಂದ. ದುರುಗಪ್ಪ ತನ್ನ ಕೈಯಾರೆ ಸುತ್ತಿಟ್ಟದ್ದು. ಅಂಬಿಗನ ಗಂಟು, ಸುಮ್ಮನೆ ಬಿಚ್ಚುವುದಲ್ಲ. ಇಬ್ಬರು ಉಗುರಿನಲ್ಲಿ, ಒಬ್ಬರು ಹಲ್ಲಿನಲ್ಲಿ ಎಳೆದಾಡಿ, ಅಂತೂ ಬಿಚ್ಚಿ, ಗೋಣಿತಟ್ಟು ಸರಿಸಿ ನೋಡಿದರೆ ಒಳಗೆ ಬರೀ ಬಟ್ಟೆ. ತಿಪ್ಪೇಶಪ್ಪ ಪೆಚ್ಚಾಗಿ ನಿಂತ; ಅವನೂ ಹೊರಗಿನ ಊರಿನವನು. “ಅಕ್ಕಾ, ಇದರಾಗೆ ಹುಟ್ಟು ಇಲ್ಲ!” ಎಂದು ಕೂಗಿದ.

ತಬಸ್ಸುಮ್ ಜಗಲಿಯ ಅಂಚಿಗೆ ಓಡಿ ಬಂದಳು. “ಐತೆ ಮಾವ, ಐತೆ! ಒಳಗೆ ಇನ್ನೊಂದು ಫೋಲ್ಡರ್ ಐತೆ, ಅದನ್ನ ಬಿಚ್ಚಿ!”

ಅದನ್ನು ಬಿಚ್ಚುವಷ್ಟು ಕೊಟ್ರವ್ವ ಕಾಯಲಿಲ್ಲ. ಎದುರು ಜಗಲಿಯವರು ಚಾಚಿದ ಪಾಯಸದ ದೊಡ್ಡ ಸೌಟು ಹಿಡಿದು, ನೀರು ಚಿಮ್ಮಿಸುತ್ತಾ, ತಿರುಗುತ್ತಾ, ನಗುತ್ತಾ, ಗಂಡನ ಹರಿಗೋಲನ್ನು ಗಾಣದ ಓಣಿಯ ತುದಿಯವರೆಗೆ ನಡೆಸಿಕೊಂಡು ಹೋದಳು. ನಾನು ಮೆಟ್ಟಿಲಿನ ಮೇಲೆ ಕೂತು ನೋಟ್‌ಬುಕ್ಕು ತೆಗೆದೆ. ಆ ದಿನ ಕೆರೆ ಹುಡುಕಲು ಚಪ್ಪಲಿ ಮೆಟ್ಟಬೇಕಾಗಿರಲಿಲ್ಲ. ‘ಗುರುವಾರ. ಗಾಣದ ಓಣಿ. ನಾಲ್ಕನೇ ಮೆಟ್ಟಿಲು. ಮೀನು ನೋಡಲಿಲ್ಲ, ಜನ ಬಹಳ.’